ಕೂಸು ಬಂದ ಮೇಲೆ ದೊಡ್ಡ ಮಗುವಿನ ದಿನ ನಡೆಸುವುದು ಹೇಗೆ?

"ಎರಡನೆಯದು ಹುಟ್ಟಿದ ಮೇಲೆ ಮೊದಲನೆಯದು ವಿಪರೀತ ಹಠ ಮಾಡ್ತಿದೆ, ಏನು ಮಾಡೋದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬರ ಮಗು ಬಿಟ್ಟಿದ್ದ ಅಭ್ಯಾಸಕ್ಕೆ ಮರಳಿ ಚಡ್ಡಿ ಒದ್ದೆ ಮಾಡುತ್ತಿದೆ. ಇನ್ನೊಬ್ಬರದು ಕೂಸಿನ ಕೆನ್ನೆ ಹಿಂಡುತ್ತದೆ. ಮತ್ತೊಬ್ಬರದು ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಎಲ್ಲರಿಗೂ ಸಿಗುವ ಉತ್ತರ ಮಾತ್ರ ಒಂದೇ: "ಹೊಟ್ಟೆಕಿಚ್ಚು, ಹೋಗುತ್ತೆ ಬಿಡಿ." ಹೊಟ್ಟೆಕಿಚ್ಚು ಇಲ್ಲವೆಂದಲ್ಲ. ಆದರೆ ಮೊದಲ ಎರಡು ಮೂರು ತಿಂಗಳ ರಂಪದಲ್ಲಿ ದೊಡ್ಡ ಪಾಲು ಗಡಿಯಾರದ್ದು.

ಲೆಕ್ಕ ಹಾಕಿ ನೋಡಿ. ಹಸುಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗಿಸಿ, ಡೈಪರ್ ಬದಲಿಸಿ ಮಲಗಿಸಲು ಸಲಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಹತ್ತು ಸಲಕ್ಕೆ ಏಳೂವರೆ ಗಂಟೆ. ಈ ಏಳೂವರೆ ಗಂಟೆಯಲ್ಲಿ ಹಗಲಿನ ಪಾಲೆಲ್ಲ ನಿನ್ನೆಯವರೆಗೆ ದೊಡ್ಡ ಮಗುವಿನದಾಗಿತ್ತು. ಅದರ ಊಟ ತಡವಾಗುತ್ತದೆ, ಮಧ್ಯಾಹ್ನದ ನಿದ್ದೆ ತಪ್ಪುತ್ತದೆ, ಸಂಜೆಯ ಹೊತ್ತಿಗೆ ದಣಿದು ಹಸಿದು ಕೂತಿರುತ್ತದೆ. ಆ ಹೊತ್ತಿನಲ್ಲಿ ಮಾಡಿದ ಹಠಕ್ಕೆ ನಾವು ಹೊಟ್ಟೆಕಿಚ್ಚು ಎಂದು ಹೆಸರಿಡುತ್ತೇವೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ದೊಡ್ಡ ಮಗುವಿನ ದಿನವನ್ನು ಕಾಪಾಡುವುದರ ಬಗ್ಗೆಯೇ ಇದೆ. ಇಲ್ಲಿ 'ದೊಡ್ಡ ಮಗು' ಅಂದರೆ ಸುಮಾರು ಒಂದೂವರೆಯಿಂದ ಐದು ವರ್ಷದ್ದು. 'ಕೂಸು' ಅಂದರೆ ಹೊಸದಾಗಿ ಬಂದದ್ದು.

ಮೊದಲು ಒದಗಿಸಿಕೊಳ್ಳಬೇಕಾದವು ಹೆಚ್ಚೇನಿಲ್ಲ. ಮುಚ್ಚಳವಿರುವ ಒಂದು ಬುಟ್ಟಿ ಅಥವಾ ಡಬ್ಬ, ದೊಡ್ಡ ಮಗು ತಾನೇ ಹತ್ತಿಳಿಯಲು ಒಂದು ಗಟ್ಟಿ ಮಣೆ ಅಥವಾ ಗಿಡ್ಡ ಸ್ಟೂಲು, ನೀವು ಹಾಲೂಡಿಸುವ ಜಾಗದ ಪಕ್ಕದಲ್ಲೇ ಇಡಬಹುದಾದ ಮಕ್ಕಳ ಪಾಟಿ (ಕಕ್ಕಸ್ಸಿಗೆ ಕೂರಿಸುವ ಪುಟ್ಟ ಪೀಠ), ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್, ಗೋಡೆಗೆ ಅಂಟಿಸಲು ಒಂದು ಹಾಳೆ. ಇವೆಲ್ಲಕ್ಕಿಂತ ಮುಖ್ಯವಾಗಿ ಇನ್ನೊಬ್ಬ ದೊಡ್ಡವರು: ಅಪ್ಪ, ಅಜ್ಜಿ, ಅತ್ತೆ, ಯಾರಾದರೂ ಸರಿ. ದಿನವಿಡೀ ಇರಬೇಕಾಗಿಲ್ಲ, ಆದರೆ ದಿನದ ಒಂದು ಹೊತ್ತಿಗೆ ತಪ್ಪದೆ ಸಿಗಬೇಕು.

ಹಂತ 1: ಹೆರಿಗೆಗೆ ಎರಡು ಮೂರು ತಿಂಗಳ ಮೊದಲು

ಬದಲಾವಣೆಗಳನ್ನೆಲ್ಲ ಒಂದೇ ಸಲಕ್ಕೆ ತರಬೇಡಿ. ದೊಡ್ಡ ಮಗುವಿನ ತೊಟ್ಟಿಲೋ ಮಂಚವೋ ಕೂಸಿಗೆ ಬೇಕಾಗಿದ್ದರೆ, ಅದನ್ನು ಹೊಸ ಹಾಸಿಗೆಗೆ ಎರಡು ಮೂರು ತಿಂಗಳು ಮುಂಚೆಯೇ ಒಗ್ಗಿಸಿ. ಹಳೆಯದನ್ನು ಬಿಚ್ಚಿ ಕಣ್ಣಿಗೆ ಬೀಳದಂತೆ ಇಟ್ಟು, ಕೂಸಿನ ಜೊತೆ ಮತ್ತೆ ಹೊರಗೆ ತೆಗೆಯಿರಿ. "ನನ್ನದನ್ನು ಕಿತ್ತು ಅದಕ್ಕೆ ಕೊಟ್ಟರು" ಅನ್ನುವ ಭಾವ ಬರದಿರಲಿ. ಪಾಟಿ ಅಭ್ಯಾಸ ಆಗಲೇ ಗಟ್ಟಿಯಾಗಿದ್ದರೆ ಸರಿ. ಇನ್ನೂ ಶುರುವಾಗಿಲ್ಲವಾದರೆ, ಕೊನೆಯ ಎರಡು ತಿಂಗಳಲ್ಲಿ ಶುರುಮಾಡಬೇಡಿ. ಕೂಸು ಬಂದು ಎರಡು ಮೂರು ತಿಂಗಳು ಕಳೆದ ಮೇಲೆ ಶುರುಮಾಡಿದರೆ ಅರ್ಧ ಶ್ರಮದಲ್ಲಿ ಆಗುತ್ತದೆ. ಶಾಲೆಗೋ ಶಿಶುವಿಹಾರಕ್ಕೋ ಸೇರಿಸುವುದಕ್ಕೂ ಇದೇ ಲೆಕ್ಕ.

ಮಲಗಿಸುವ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸುವುದು ಈ ಹಂತದ ಅತಿ ದೊಡ್ಡ ಕೆಲಸ, ಹೆಚ್ಚಿನವರು ಮರೆಯುವ ಕೆಲಸವೂ ಹೌದು. ಈವರೆಗೆ ಅಮ್ಮನೊಬ್ಬಳೇ ಮಲಗಿಸುತ್ತಿದ್ದರೆ, ಹೆರಿಗೆಗೆ ಕನಿಷ್ಠ ಆರು ವಾರ ಮೊದಲು ವಾರಕ್ಕೆ ಎರಡು ರಾತ್ರಿ ಅಪ್ಪನೋ ಅಜ್ಜಿಯೋ ಮಲಗಿಸಲಿ. ಮೊದಲ ನಾಲ್ಕೈದು ಸಲ ಅಳು ಇರುತ್ತದೆ. ಅಮ್ಮ ಬಾಗಿಲಾಚೆ ನಿಂತು ತಡೆಯಲಾರದೆ ಒಳಗೆ ನುಗ್ಗಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಂತರ ವಾರಕ್ಕೆ ನಾಲ್ಕು ರಾತ್ರಿಗೆ ಏರಿಸಿ. ಆಸ್ಪತ್ರೆಯಲ್ಲಿರುವ ರಾತ್ರಿಗಳಿಗೂ ಇದೇ ತಯಾರಿ ಸಾಕು.

ಸುದ್ದಿ ಯಾವಾಗ ಹೇಳಬೇಕು? ಮೂರು ವರ್ಷದೊಳಗಿನ ಮಗುವಿಗೆ 'ನಾಲ್ಕು ತಿಂಗಳು' ಅಂದರೆ ಅರ್ಥವಾಗುವುದಿಲ್ಲ. ಹೊಟ್ಟೆ ಕಾಣುವಷ್ಟಾದಾಗ ಹೇಳಿ. ದಿನಾಂಕದ ಬದಲು ಮಗುವಿಗೆ ಗೊತ್ತಿರುವ ಒಂದು ಸಂಗತಿಗೆ ಗಂಟು ಹಾಕಿ: "ಮಳೆ ಶುರುವಾದ ಮೇಲೆ", "ನಿನ್ನ ಹುಟ್ಟುಹಬ್ಬ ಆದ ಮೇಲೆ". ಬೇರೆಯವರ ಬಾಯಿಂದ ಕೇಳುವ ಮೊದಲು ನಿಮ್ಮಿಂದ ಕೇಳಲಿ. ಇನ್ನೊಂದು ಎಚ್ಚರಿಕೆ: "ನಿನ್ನ ಜೊತೆ ಆಡೋಕೆ ತಮ್ಮ ಬರ್ತಾನೆ" ಎಂದು ಆಸೆ ಹುಟ್ಟಿಸಬೇಡಿ. ಬರುವುದು ಆಡಲಾರದ, ಕೂರಲಾರದ, ದಿನಕ್ಕೆ 14ರಿಂದ 17 ಗಂಟೆ ಮಲಗಿ ಉಳಿದ ಹೊತ್ತು ಅಳುವ ಒಂದು ಜೀವ. ತಮ್ಮನೋ ತಂಗಿಯೋ ಅದೂ ಗೊತ್ತಿಲ್ಲ. ಇದ್ದದ್ದನ್ನೇ ಹೇಳಿ: ಅಳುತ್ತೆ, ಹಾಲು ಕುಡಿಯುತ್ತೆ, ಮಲಗುತ್ತೆ, ತುಂಬ ದಿನ ಆದಮೇಲೆ ಆಡುತ್ತೆ.

ಹಂತ 2: ಆಸ್ಪತ್ರೆ ಮತ್ತು ಮೊದಲ ಭೇಟಿ

ದೊಡ್ಡ ಮಗು ಒಳಗೆ ಬರುವಾಗ ಅಮ್ಮನ ಎರಡೂ ಕೈ ಖಾಲಿ ಇರಲಿ, ಕೂಸು ತನ್ನ ಜಾಗದಲ್ಲಿ ಮಲಗಿರಲಿ. ಮೊದಲು ಅಪ್ಪುಗೆ, ಆಮೇಲೆ ಪರಿಚಯ. ಕೈಗೆ ಡ್ರಿಪ್ ಸೂಜಿ ಚುಚ್ಚಿದ್ದರೆ ಮೊದಲೇ ಹೊರಗೆ ಹೇಳಿಟ್ಟಿರಲಿ, ಇಲ್ಲವಾದರೆ ಹೆದರಿ ಅಮ್ಮನ ಹತ್ತಿರವೇ ಬರುವುದಿಲ್ಲ. ಮುಟ್ಟು, ಮುತ್ತು ಕೊಡು, ಫೋಟೋಗೆ ನಗು ಎಂದು ಒತ್ತಾಯ ಬೇಡ. ಕೆಲವು ಮಕ್ಕಳು ಕೂಸಿನತ್ತ ಒಮ್ಮೆ ನೋಡಿ ಮಂಚದ ಚಕ್ರ ತಿರುಗಿಸುತ್ತ ಕೂರುತ್ತವೆ. ಅದು ತಿರಸ್ಕಾರವಲ್ಲ, ಆ ವಯಸ್ಸಿಗೆ ಚಕ್ರವೇ ಹೆಚ್ಚು ಸ್ವಾರಸ್ಯ. ಹತ್ತು ಹದಿನೈದು ನಿಮಿಷಕ್ಕೆ ಸಾಕೆನಿಸಿದರೆ ಕರೆದುಕೊಂಡು ಹೋಗಿಬಿಡಿ.

ಕೂಸೇ ಅಣ್ಣನಿಗೋ ಅಕ್ಕನಿಗೋ ಆಟಿಕೆ ತಂದಿದೆ ಎಂದು ಕೊಡುವ ಪದ್ಧತಿ ಹರಡುತ್ತಿದೆ. ಕೊಟ್ಟರೆ ತಪ್ಪಿಲ್ಲ, ಆದರೆ ಅದರಿಂದ ಏನೋ ಬಗೆಹರಿಯುತ್ತದೆ ಎಂದು ನಂಬಬೇಡಿ. ಮೂರು ವರ್ಷದ ಮಗುವೂ "ಇದಕ್ಕೆ ದುಡ್ಡು ಎಲ್ಲಿಂದ ಬಂತು" ಎಂದು ಕೇಳಬಲ್ಲದು.

ಮನೆಗೆ ಬರುವ ದಿನ ಕೂಸನ್ನು ಬೇರೆ ಯಾರಾದರೂ ಎತ್ತಿಕೊಂಡು ಹೊಸ್ತಿಲು ದಾಟಲಿ.

ಹಂತ 3: ಮೊದಲ ಆರು ವಾರ, ದಿನಕ್ಕೆ ಮೂರು ಗೂಟ

ಇಡೀ ದಿನಚರಿಯನ್ನು ಕಾಪಾಡಲು ಹೊರಟರೆ ಮೂರನೆಯ ದಿನಕ್ಕೇ ಸೋಲುತ್ತೀರಿ. ಮೂರು ಗೂಟ ಮಾತ್ರ ಬಲವಾಗಿ ನೆಡಿ: ಬೆಳಿಗ್ಗೆ ಎದ್ದ ಮೊದಲ ಅರ್ಧ ಗಂಟೆ, ಮಧ್ಯಾಹ್ನದ ಊಟ-ನಿದ್ದೆ, ರಾತ್ರಿ ಮಲಗುವುದು. ಇವು ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯಬೇಕು. ನಡುವಿನದೆಲ್ಲ ಹೇಗೆ ಹರಿದರೂ ಹರಿಯಲಿ, ಮನೆ ಕೊಳೆಯಾಗಿದ್ದರೂ ಇರಲಿ. ಗೋಡೆಯ ಹಾಳೆಯಲ್ಲಿ ಈ ಮೂರು ಹೊತ್ತು ಬರೆದು, ಎದುರಿಗೆ ಆ ದಿನ ಯಾರ ಪಾಳಿ ಎಂದು ಹೆಸರು ಬರೆಯಿರಿ. 'ಯಾರಾದರೂ ನೋಡ್ಕೊಳ್ತಾರೆ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಬೆಳಗಿನ ಗೂಟ ಸುಲಭ. ಮಧ್ಯಾಹ್ನದ್ದು ನಿದ್ದೆಯ ಲೆಕ್ಕ: ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದಕ್ಕೆ 10ರಿಂದ 13. ಹೊಸದಾಗಿ ಕೂಸು ಬಂದ ಮನೆಯಲ್ಲಿ ಇದರಲ್ಲಿ ಒಂದು ಗಂಟೆ ಖೋತಾ ಆಗುವುದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ದೊಡ್ಡವರ ನಿದ್ದೆ ಅದಕ್ಕಿಂತ ಹೆಚ್ಚು ಹೋಗಿರುತ್ತದೆ. ಸಂಜೆಯ ರಂಪ ಹೆಚ್ಚಿದರೆ ಮೊದಲು ಎರಡು ದಿನದ ನಿದ್ದೆ ಬರೆದಿಟ್ಟು ಕೂಡಿಸಿ ನೋಡಿ.

ಗಟ್ಟಿ ಸಮಸ್ಯೆ ರಾತ್ರಿಯದು. ಹುಟ್ಟಿದ ಕೂಸುಗಳು ಸಂಜೆ ಹೊತ್ತು ಬಿಡದೆ, ಅರ್ಧ ಗಂಟೆಗೊಮ್ಮೆ ಮುಕ್ಕಾಲು ಗಂಟೆಗೊಮ್ಮೆ ಹಾಲು ಕೇಳುವುದುಂಟು. ಇದನ್ನು ಕ್ಲಸ್ಟರ್ ಫೀಡಿಂಗ್ ಅನ್ನುತ್ತಾರೆ, ಅಂದರೆ ಗೊಂಚಲು ಗೊಂಚಲಾಗಿ ಕುಡಿಯುವುದು. ಹಾಲು ಸಾಲದು ಎಂಬ ಲಕ್ಷಣ ಇದಲ್ಲ. ಆದರೆ ಅದು ಬಂದು ಬೀಳುವುದು ಸರಿಯಾಗಿ ದೊಡ್ಡ ಮಗು ಮಲಗುವ ಹೊತ್ತಿಗೆ. ಮನೆಯಲ್ಲಿ ಇಬ್ಬರಿದ್ದರೆ ಹೀಗೆ ಮಾಡಿ: ಇನ್ನೊಬ್ಬರು ಊಟ, ಸ್ನಾನ, ಹಲ್ಲುಜ್ಜುವುದು ಮುಗಿಸಿ ಹಾಸಿಗೆಗೆ ಕರೆದೊಯ್ಯಲಿ. ಕೊನೆಯ ಐದು ನಿಮಿಷ ಕೂಸನ್ನು ಅವರ ಕೈಗೆ ಕೊಟ್ಟು ಅಮ್ಮ ಬರಲಿ, ಒಂದು ಕಥೆಯೋ ಒಂದು ಹಾಡೋ ಹೇಳಿ ಏಳಲಿ. ಆ ಐದು ನಿಮಿಷಕ್ಕೆ ಕೂಸು ಅತ್ತರೂ ಅಡ್ಡಿಯಿಲ್ಲ. ಯಾರದೋ ತೋಳಿನಲ್ಲಿ ಅಳುತ್ತಿದೆ.

ಒಬ್ಬರೇ ಇದ್ದರೆ ಮಲಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಮುಂಚೆ ಕೂಸಿಗೆ ಹೊಟ್ಟೆ ತುಂಬ ಕುಡಿಸಿ ಡೈಪರ್ ಬದಲಿಸಿ, ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಳ್ಳಿ. ಆಗ ಎರಡು ಕೈಯೂ ದೊಡ್ಡ ಮಗುವಿಗೆ ಸಿಗುತ್ತವೆ. ಕ್ಯಾರಿಯರ್‌ನಲ್ಲಿ ಕೂಸಿನ ಮುಖ ನಿಮಗೆ ಸದಾ ಕಾಣುತ್ತಿರಬೇಕು, ಮೂಗು-ಬಾಯಿ ಬಟ್ಟೆಗೋ ಎದೆಗೋ ಒತ್ತಿರಬಾರದು, ಗಲ್ಲ ಎದೆಗೆ ಅಂಟಿರಬಾರದು. ನಡುವೆ ಎರಡು ಬೆರಳು ತೂರುವಷ್ಟು ಜಾಗ ಬೇಕು. ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲಬೇಡಿ. ಕ್ಯಾರಿಯರ್ ಒಗ್ಗದಿದ್ದರೆ ಹಾಲೂಡಿಸುತ್ತಲೇ ದೊಡ್ಡ ಮಗುವಿನ ಹಾಸಿಗೆಯ ಪಕ್ಕ ಕೂತು ಕಥೆ ಹೇಳಿ. ಪುಸ್ತಕ ಹಿಡಿಯಲು ಕೈ ಇರುವುದಿಲ್ಲ, ಬಾಯಿಕಥೆಯೇ ಆಗಬೇಕು. ಹಾಗೆಯೇ ತೂಕಡಿಸಿ ಮೂವರೂ ಅಲ್ಲೇ ಮಲಗಿಬಿಡುವ ಅಪಾಯ ಇಲ್ಲಿ ದೊಡ್ಡದು. ಕಾರಣ ಹಂತ 5ರಲ್ಲಿದೆ.

ಹಂತ 4: ಹಾಲೂಡಿಸುವ ಹೊತ್ತಿನ ಬುಟ್ಟಿ

ದೊಡ್ಡ ಮಗು ಸಾಮಾನ್ಯವಾಗಿ ಏನಾದರೂ ಒಡೆಯುವುದು, ಸುರಿಯುವುದು, ಹತ್ತಬಾರದ್ದನ್ನು ಹತ್ತುವುದು ನೀವು ಹಾಲೂಡಿಸಲು ಕೂತಾಗಲೇ. ನೀವು ಏಳಲಾರಿರಿ ಎಂದು ಅದಕ್ಕೆ ಮೂರೇ ದಿನದಲ್ಲಿ ಗೊತ್ತಾಗಿರುತ್ತದೆ.

ಕೂಸು ಬಾಯಿ ಚಪ್ಪರಿಸುವುದು, ತಲೆ ಅತ್ತಿತ್ತ ಹೊರಳಿಸುವುದು, ಕೈ ಬಾಯಿಗೆ ಒಯ್ಯುವುದು ಹಸಿವಿನ ಮೊದಲ ಸೂಚನೆಗಳು, ಅಳು ಕೊನೆಯದು. ಮೊದಲ ಸೂಚನೆ ಕಂಡ ಕೂಡಲೇ ನಿಮಗೆ ಮೂರು ನಾಲ್ಕು ನಿಮಿಷ ಸಿಗುತ್ತದೆ. ಆ ನಿಮಿಷಗಳಲ್ಲಿ ಈ ಕ್ರಮ:

1. ದೊಡ್ಡ ಮಗುವನ್ನು ಪಾಟಿಗೆ ಕೂರಿಸಿ. "ಬರ್ತಿಲ್ಲ" ಅಂದರೂ ಒಮ್ಮೆ ಕೂರಿಸಿ.
2. ಕುಡಿಯುವ ನೀರು ಮತ್ತು ತಾನೇ ತಿನ್ನಬಲ್ಲ, ಗಂಟಲಿಗೆ ಸಿಕ್ಕಿಕೊಳ್ಳದ ಮೆತ್ತನೆಯ ತಿಂಡಿ ಕೈಗೆಟುಕುವಲ್ಲಿ ಇಡಿ.
3. ಕೋಣೆಯ ಬಾಗಿಲು ಹಾಕಿ. ಅಡುಗೆಮನೆಗೂ ಬಚ್ಚಲಿಗೂ ಮೆಟ್ಟಿಲಿಗೂ ದಾರಿ ಇರಬಾರದು.
4. ಬುಟ್ಟಿ ತೆಗೆಯಿರಿ, ನಿಮ್ಮ ಪಕ್ಕದಲ್ಲೇ ಇಡಿ.
5. ಆಮೇಲೆ ಕೂಸನ್ನು ಎತ್ತಿಕೊಳ್ಳಿ.

ಈ ಬುಟ್ಟಿ ಹಾಲೂಡಿಸುವಾಗ ಮಾತ್ರ ಹೊರಗೆ ಬರಬೇಕು, ಮುಗಿದ ಕೂಡಲೇ ಮುಚ್ಚಿ ಮೇಲಿಡಬೇಕು. ದಿನವಿಡೀ ನೆಲದ ಮೇಲೆ ಬಿದ್ದಿದ್ದರೆ ಎರಡನೆಯ ದಿನಕ್ಕೇ ಅದರ ಸೆಳೆತ ಹೋಗುತ್ತದೆ. ಐದಾರು ವಸ್ತು ಸಾಕು: ದಪ್ಪ ರಟ್ಟಿನ ಪುಸ್ತಕ ಎರಡು, ಅಂಟಿಸಿ ಕೀಳಬಹುದಾದ ದೊಡ್ಡ ಸ್ಟಿಕರ್‌ಗಳು, ದಪ್ಪ ಬಳಪ ಮತ್ತು ಹಾಳೆ, ಒಂದರೊಳಗೊಂದು ಕೂರುವ ಡಬ್ಬಗಳು, ಒಂದು ಬಟ್ಟೆ ಗೊಂಬೆ ಮತ್ತು ಅದಕ್ಕೊಂದು ಪುಟ್ಟ ಡೈಪರ್. ಮೂರು ದಿನಕ್ಕೊಮ್ಮೆ ಅರ್ಧ ಸಾಮಾನು ಬದಲಿಸಿ. ಹೊಸದನ್ನು ಕೊಳ್ಳಬೇಕಾಗಿಲ್ಲ, ಅಟ್ಟದಲ್ಲಿಟ್ಟು ಹದಿನೈದು ದಿನ ಬಿಟ್ಟು ತೆಗೆದರೆ ಹಳೆಯದೇ ಹೊಸದು. ಸುಮಾರು ನಾಲ್ಕು ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ತೂರಬಹುದಾದ ಯಾವುದೂ ಬುಟ್ಟಿಯಲ್ಲಿ ಬೇಡ. ಮಣಿ, ಗೋಲಿ ಮತ್ತು ನಾಣ್ಯದಾಕಾರದ ಬಟನ್ ಬ್ಯಾಟರಿ ಇರುವ ಆಟಿಕೆ ಖಂಡಿತ ಬೇಡ. ಬಟನ್ ಬ್ಯಾಟರಿ ನುಂಗಿದರೆ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. ಸಂಶಯ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಿ.

ಮೊಬೈಲು? ದಿನಕ್ಕೊಂದು ಸಲ ಹಾಲೂಡಿಸುವಾಗ ಹಾಕಿಕೊಟ್ಟರೆ ಯಾವ ಮಗುವೂ ಕೆಡುವುದಿಲ್ಲ. ಹತ್ತೂ ಸಲ ಕೊಟ್ಟರೆ ಏಳೂವರೆ ಗಂಟೆಯ ಲೆಕ್ಕ ನೆನಪಿಸಿಕೊಳ್ಳಿ. ಕೊಡುವುದಿದ್ದರೆ ಒಂದೇ ಹೊತ್ತಿಗೆ, ನಿಮಗೆ ಅತಿ ಕಷ್ಟವಾದ ಹೊತ್ತಿಗೆ, ಕಟ್ಟಿಡಿ. ಇಲ್ಲವಾದರೆ ಪ್ರತಿ ಸಲವೂ ಚೌಕಾಸಿ ನಡೆಯುತ್ತದೆ.

ಮೊಲೆಹಾಲು ಬಿಟ್ಟ ದೊಡ್ಡ ಮಗು ನನಗೂ ಬೇಕು ಎಂದು ಬಂದರೆ ಗಾಬರಿಯಾಗಬೇಡಿ. ಹೆಚ್ಚಿನವು ಒಮ್ಮೆ ಬಾಯಿ ಹಾಕಿ, ಕುಡಿಯುವುದು ಹೇಗೆಂದು ಮರೆತಿರುವುದರಿಂದ ನಕ್ಕು ಎದ್ದು ಹೋಗುತ್ತವೆ. ಇನ್ನೂ ಬಿಟ್ಟಿಲ್ಲವಾದರೆ ಇಬ್ಬರಿಗೂ ಕುಡಿಸಬಹುದು. ಮೊದಲ ದಿನಗಳಲ್ಲಿ, ಅಂದರೆ ಗಿಣ್ಣುಹಾಲು ಬರುವಾಗ, ಕೂಸಿನದು ಮುಗಿದ ಮೇಲಷ್ಟೇ ದೊಡ್ಡದಕ್ಕೆ.

ಹಂತ 5: ಮುಟ್ಟುವುದು, ಎತ್ತುವುದು, ಮಲಗಿಸುವುದು

ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಐದು ವರ್ಷದೊಳಗಿನ ಮಗುವನ್ನೂ ಕೂಸನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೊರಗೆ ಹೋಗಬೇಡಿ, ಒಂದು ನಿಮಿಷಕ್ಕೂ. ಬಾಗಿಲು ತೆಗೆಯಲು ಹೋಗುವಾಗ ಇಬ್ಬರಲ್ಲಿ ಒಬ್ಬರು ನಿಮ್ಮ ಜೊತೆ ಬರಬೇಕು. ದೊಡ್ಡ ಮಗು ಕೆಟ್ಟದ್ದು ಎಂದಲ್ಲ. ಎರಡು ವರ್ಷದ್ದಕ್ಕೆ ತನ್ನ ಕೈಯ ಬಲ ಗೊತ್ತಿಲ್ಲ, ಮತ್ತು ಹೆಚ್ಚಿನ ಅವಘಡಗಳು ಅಕ್ಕರೆಯಿಂದಲೇ ಆಗುತ್ತವೆ: ಚಳಿಯಾಗುತ್ತೆ ಎಂದು ಮುಖದ ತನಕ ಹೊದಿಸುವುದು, ತನ್ನ ಗೊಂಬೆಯನ್ನು ಪಕ್ಕದಲ್ಲಿಡುವುದು, ಅಳು ನಿಲ್ಲಿಸಲು ಬಾಯಿಗೆ ತಿಂಡಿ ತುರುಕುವುದು, ಎತ್ತಿಕೊಳ್ಳಲು ಎಳೆಯುವುದು.

ಎಲ್ಲಿ ಮುಟ್ಟಬಾರದು ಎಂದು ಹೇಳುವುದಕ್ಕಿಂತ ಎಲ್ಲಿ ಮುಟ್ಟಬಹುದು ಎಂದು ತೋರಿಸಿ: ಪಾದ, ಮೊಣಕಾಲು, ಬೆನ್ನು. ನೆತ್ತಿಯ ಮೆತ್ತಗಿನ ಭಾಗ, ಅಂದರೆ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಳ್ಳದ ಜಾಗ, ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಅಲ್ಲಿಯವರೆಗೆ ತಲೆ ಒತ್ತಬಾರದು ಎಂಬುದು ಮನೆಯ ಕಾನೂನಾಗಲಿ. ಮುತ್ತು ಪಾದಕ್ಕೆ ಮಾತ್ರ. ನೆಗಡಿ ಇರುವಾಗ, ತುಟಿಯ ಮೇಲೆ ನೀರುಗುಳ್ಳೆ ಎದ್ದಿರುವಾಗ ಅದೂ ಬೇಡ, ಮತ್ತು ಇದು ದೊಡ್ಡವರಿಗೂ ಅನ್ವಯ. ಆ ಗುಳ್ಳೆಯ ಹರ್ಪಿಸ್ ವೈರಾಣು ಮೊದಲ ವಾರಗಳ ಕೂಸಿಗೆ ಪ್ರಾಣಾಂತಿಕವಾಗಬಲ್ಲದು. ಹೊರಗಿನಿಂದ ಬಂದ ಮಗು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆದ ಮೇಲೆಯೇ ಕೂಸಿನ ಹತ್ತಿರ. ದೊಡ್ಡ ಮಗುವಿನ ಲಸಿಕೆ, ಅದರಲ್ಲೂ ನಾಯಿಕೆಮ್ಮಿನದು, ಬಾಕಿ ಉಳಿದಿಲ್ಲ ಎಂದು ಹೆರಿಗೆಗೆ ಮೊದಲೇ ಖಚಿತ ಮಾಡಿಕೊಳ್ಳಿ.

ಎತ್ತಿಕೊಳ್ಳಬೇಕು ಎಂದು ಕೇಳಿದರೆ ನೆಲದ ಮೇಲೆ ಗೋಡೆಗೊರಗಿ ಕೂರಿಸಿ, ಕಾಲು ಚಾಚಲಿ, ತೊಡೆಯ ಮೇಲೊಂದು ದಿಂಬು. ಕೂಸಿನ ತಲೆ-ಕತ್ತಿನ ಕೆಳಗೆ ನಿಮ್ಮ ಕೈ ಕೊನೆಯವರೆಗೂ ಇರಲಿ. ಎರಡು ಮೂರು ನಿಮಿಷ ಸಾಕು. "ಸಾಕು" ಅಂದ ಕೂಡಲೇ ದೊಡ್ಡ ಮಗು ಕೈ ಬಿಟ್ಟು ಎದ್ದೇಬಿಡುತ್ತದೆ ಎಂಬುದು ನೆನಪಿರಲಿ. ಮಂಚ, ಸೋಫಾದ ಮೇಲೆ ಈ ಪ್ರಯೋಗ ಬೇಡ.

ಕೂಸಿನ ಬಾಯಿಗೆ ಹಾಲಲ್ಲದೆ ಯಾವುದೂ ಹೋಗಬಾರದು. ಜೇನುತುಪ್ಪದಲ್ಲಿ ಬಾಟುಲಿಸಂ ರೋಗದ ಬೀಜಕಣಗಳಿರಬಹುದು. ಆದ್ದರಿಂದ ಒಂದು ವರ್ಷದವರೆಗೆ ನೆಕ್ಕಿಸುವುದೂ ಬೇಡ.

ಮಲಗಿಸುವುದು: ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ, ತನ್ನದೇ ಪ್ರತ್ಯೇಕ ಜಾಗ, ಸುತ್ತ ದಿಂಬು-ಗೊಂಬೆ-ಸಡಿಲ ಹೊದಿಕೆ ಏನೂ ಇಲ್ಲ. ಕನಿಷ್ಠ ಮೊದಲ ಆರು ತಿಂಗಳು ನಿಮ್ಮ ಕೋಣೆಯಲ್ಲೇ. ದೊಡ್ಡ ಮಗು ಮತ್ತು ಕೂಸು ಒಂದೇ ಹಾಸಿಗೆಯಲ್ಲಿ ಮಲಗಬಾರದು. ನಿದ್ದೆಯಲ್ಲಿರುವ ಮಗುವಿಗೆ ತನ್ನ ಕೈ ಎಲ್ಲಿ ಬಿತ್ತು, ಹೊದಿಕೆ ಎಲ್ಲಿ ಸರಿಯಿತು ಗೊತ್ತಾಗುವುದಿಲ್ಲ. ಕೂಸನ್ನು ಹಿಡಿದು ಸೋಫಾದಲ್ಲಿ ತೂಕಡಿಸುವುದು ಎಲ್ಲಕ್ಕಿಂತ ಅಪಾಯ. ಕೋಣೆ ಬಿಡುವ ಮುಂಚೆ ತೊಟ್ಟಿಲೊಳಗೆ ಒಮ್ಮೆ ಕಣ್ಣು ಹಾಯಿಸುವುದು ಅಭ್ಯಾಸವಾಗಲಿ, ಅಲ್ಲಿ ಏನೋ ಒಂದು ಕಾಣಿಕೆ ಬಿದ್ದಿರುತ್ತದೆ.

ಹೊಡೆದರೆ? ಕೈ ಹಿಡಿದು ನಿಲ್ಲಿಸಿ. "ಹೊಡೆಯೋಕೆ ಬಿಡಲ್ಲ. ನೋವಾಗುತ್ತೆ." ಇಷ್ಟೇ ಮಾತು. ಕೂಸನ್ನು ನೋಡಿ, ಆಮೇಲೆ ದೊಡ್ಡದರ ಹತ್ತಿರ ಬನ್ನಿ. ಉದ್ದದ ಬುದ್ಧಿಮಾತು, ಬಲವಂತದ "ಸಾರಿ ಹೇಳು", ಬೆನ್ನಿಗೆ ಒಂದು ಏಟು, ಇವೆಲ್ಲ ಸೇರಿ ಹೊಡೆದರೆ ಮನೆಯೆಲ್ಲ ನನ್ನ ಸುತ್ತ ಸೇರುತ್ತದೆ ಎಂಬ ಪಾಠವನ್ನೇ ಕಲಿಸುತ್ತವೆ. ಯಾವ ಹೊತ್ತಿಗೆ ಹೊಡೆಯಿತು ಎಂದು ನಾಲ್ಕು ದಿನ ಗುರುತು ಹಾಕಿ. ಬಹುಪಾಲು ಒಂದೇ ಹೊತ್ತಿಗೆ, ಹಸಿವಿನದೋ ನಿದ್ದೆಯದೋ, ಬಂದು ಸೇರುತ್ತದೆ.

ಹಂತ 6: ಬಾಯಿಂದ ಬರುವ ಮಾತು

ದಿನದಲ್ಲಿ ಎಷ್ಟು ಸಲ "ಪಾಪು ಮಲಗಿದೆ, ಸದ್ದು ಮಾಡಬೇಡ", "ಪಾಪು ಅಳ್ತಿದೆ, ಆಮೇಲೆ ಬರ್ತೀನಿ" ಎಂದಿರಿ ಎಂದು ಎಣಿಸಿ. ಪ್ರತಿ 'ಬೇಡ'ದ ಹಿಂದೆಯೂ ಪಾಪುವಿನ ಹೆಸರಿದ್ದರೆ ತಪ್ಪೆಲ್ಲ ಅದರ ತಲೆಗೇ. ಕಾರಣವನ್ನು ನಿಮ್ಮ ಮೇಲೆ ಹಾಕಿಕೊಳ್ಳಿ: "ನನ್ನ ಕೈ ಖಾಲಿ ಇಲ್ಲ, ಈ ಹಾಡು ಮುಗಿದ ಕೂಡಲೇ ಬರ್ತೀನಿ." ಹೇಳಿದ ಮೇಲೆ ಬರಲೇಬೇಕು. 'ಐದು ನಿಮಿಷ' ಬೇಡ. ಅದಕ್ಕೆ ತಿಳಿಯುವ ಅಳತೆ ಹಾಡು, ತಟ್ಟೆ ಖಾಲಿಯಾಗುವುದು, ಮರಳುಗಡಿಯಾರ.

ಉಲ್ಟಾ ಮಾತನ್ನೂ ದಿನಕ್ಕೆರಡು ಸಲ ದೊಡ್ಡ ಮಗುವಿಗೆ ಕೇಳುವಂತೆ ಆಡಿ: "ತಾಳು ಪಾಪು, ಅಕ್ಕನ ಚಪ್ಪಲಿ ಹಾಕಿ ಬರ್ತೀನಿ." ಕೂಸಿಗೆ ಅರ್ಥವಾಗುವುದಿಲ್ಲ, ಅಕ್ಕನಿಗೆ ಪೂರ್ತಿ ಅರ್ಥವಾಗುತ್ತದೆ. ಈ ಲೇಖನದಲ್ಲಿ ಖರ್ಚಿಲ್ಲದೆ ಅತಿ ಬೇಗ ಫಲ ಕೊಡುವ ಉಪಾಯ ಇದೇ.

"ನೀನೀಗ ದೊಡ್ಡವನು" ಎಂಬ ಮಾತನ್ನು ಬೈಗುಳಕ್ಕೆ ಬಳಸಬೇಡಿ. ಮೂರು ವರ್ಷದ್ದು ನಿನ್ನೆಗಿಂತ ಒಂದೇ ದಿನ ದೊಡ್ಡದಾಗಿದೆ. "ಪಾಪುನ ವಾಪಸ್ ಕೊಟ್ಬಿಡು" ಎಂದರೆ "ಛೀ, ಹಾಗನ್ನಬಾರದು" ಎಂದು ಬಾಯಿ ಮುಚ್ಚಿಸದೆ "ಮೊದಲಿನ ಹಾಗೆ ನಾವಿಬ್ಬರೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಅಲ್ವಾ?" ಎಂದು ಕೇಳಿ. ಮಾತಿನಲ್ಲಿ ಹೊರಬಂದದ್ದು ಕೈಯಲ್ಲಿ ಬರುವುದು ಕಡಿಮೆ.

ಇದರ ಜೊತೆಗೆ ದಿನಕ್ಕೆ 10ರಿಂದ 15 ನಿಮಿಷ, ಮೊಬೈಲಿಲ್ಲದೆ, ಕೂಸಿಲ್ಲದೆ, ಆಟವನ್ನು ಮಗುವೇ ಆರಿಸುವ ಸಮಯ ಕೊಡಿ. ಅದಕ್ಕೊಂದು ಹೆಸರಿಡಿ. ತುಂಟತನ ಮಾಡಿದ ದಿನ ಶಿಕ್ಷೆಯಾಗಿ ಇದನ್ನು ಕಿತ್ತುಕೊಳ್ಳಬೇಡಿ. ಭಾನುವಾರ ಮೂರು ಗಂಟೆ ಕೊಟ್ಟು ವಾರವೆಲ್ಲ ಬಿಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಮೇಲು.

ಹಂತ 7: ಹಿಂದಕ್ಕೆ ಹೋದಾಗ

ಕಲಿತದ್ದನ್ನು ಬಿಟ್ಟು ಚಿಕ್ಕ ಮಗುವಿನಂತೆ ಆಡುವುದಕ್ಕೆ ರಿಗ್ರೆಷನ್, ಅಂದರೆ ಹಿನ್ನಡೆ, ಎನ್ನುತ್ತಾರೆ: ತೊದಲುವುದು, ಬೆರಳು ಚೀಪುವುದು, ಬಾಟಲಿ ಕೇಳುವುದು, ನಡೆಯದೆ ಎತ್ತಿಕೋ ಅನ್ನುವುದು, ಚಡ್ಡಿ ಒದ್ದೆ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಗೇಲಿ ಮಾಡದಿದ್ದರೆ. ಬಾಟಲಿ ಕೇಳಿದರೆ ಕೊಡಿ. ಪಾಪುವಿನ ಹಾಗೆ ಮಡಿಲಲ್ಲಿ ಮಲಗಿಸಿಕೋ ಅಂದರೆ ಮಲಗಿಸಿಕೊಳ್ಳಿ. ಬೇಡವೆಂದಷ್ಟೂ ಬೆಲೆ ಏರುತ್ತದೆ.

ಚಡ್ಡಿಯ ವಿಷಯಕ್ಕೆ ಮಾತ್ರ ಸ್ವಲ್ಪ ತನಿಖೆ ಬೇಕು. ಉರಿ ಎನ್ನುವುದು, ಪದೇ ಪದೇ ತೊಟ್ಟು ತೊಟ್ಟು ಹೋಗುವುದು, ಜ್ವರ ಇದ್ದರೆ ಮೂತ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ಮಲಬದ್ಧತೆಯೂ ಒಂದು ಕಾರಣ: ಗಡಿಬಿಡಿಯ ಮನೆಯಲ್ಲಿ ಮಗು ಕಕ್ಕಸ್ಸಿಗೆ ಹೋಗದೆ ತಡೆದಿಡುತ್ತದೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ ಪಾಟಿಯ ಮೇಲೆ, ಪಾದ ಊರಲು ಮಣೆ ಕೊಟ್ಟು ಕೂರಿಸಿ. ಇವೆರಡೂ ಅಲ್ಲವಾದರೆ ಎರಡು ಮೂರು ವಾರ ಡೈಪರಿಗೆ ಮರಳುವುದರಲ್ಲಿ ಅವಮಾನವೇನಿಲ್ಲ, ಒಗೆಯುವ ಬಟ್ಟೆಯೂ ಕಡಿಮೆ.

ಹಂತ 8: ಒಬ್ಬರೇ, ಇಬ್ಬರು ಮಕ್ಕಳ ಜೊತೆ

ಇಬ್ಬರೂ ಒಟ್ಟಿಗೆ ಅಳುವಾಗ ಯಾರ ಕಡೆ ಮೊದಲು? ಅಪಾಯ ಇರುವ ಕಡೆ. ಅಪಾಯ ಇಲ್ಲವಾದರೆ, ಹೊಟ್ಟೆ ತುಂಬಿ ಡೈಪರ್ ಒಣಗಿರುವ ಕೂಸು ಅಂಗಾತ ತನ್ನ ತೊಟ್ಟಿಲಲ್ಲಿ ಐದು ನಿಮಿಷ ಅಳಬಹುದು. ಬಿದ್ದು ಮೊಣಕಾಲು ತರಚಿಕೊಂಡ ದೊಡ್ಡ ಮಗು ಕಾಯಲಾರದು, ಮತ್ತು ನೀವು ಯಾರ ಕಡೆ ಮೊದಲು ತಿರುಗಿದಿರಿ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಹೊರಡುವಾಗ ಚೀಲ ಹಿಂದಿನ ರಾತ್ರಿಯೇ ಸಿದ್ಧವಿರಲಿ. ದೊಡ್ಡದರ ಪಾಟಿ, ಬಟ್ಟೆ, ಚಪ್ಪಲಿ ಮುಗಿದ ಮೇಲೆ ಕೂಸಿಗೆ ಹಾಲು, ಡೈಪರ್, ಕೂಡಲೇ ಬಾಗಿಲು. ಕ್ರಮ ತಿರುಗಿಸಿದರೆ ದೊಡ್ಡದು ಚಪ್ಪಲಿ ಹುಡುಕುವಷ್ಟರಲ್ಲಿ ಕೂಸಿಗೆ ಮತ್ತೆ ಹಸಿವು.

ಸ್ನಾನದ ವಿಷಯದಲ್ಲಿ ರಿಯಾಯಿತಿ ಇಲ್ಲ. ಕೆಲವೇ ಸೆಂಟಿಮೀಟರ್ ನೀರಿನಲ್ಲಿ ಚಿಕ್ಕ ಮಗು ಸದ್ದಿಲ್ಲದೆ ಮುಳುಗಬಲ್ಲದು. ಕೂಸು ಅತ್ತರೆ ದೊಡ್ಡದನ್ನು ಟಬ್ಬಿನಿಂದ ಎತ್ತಿ, ಒದ್ದೆಯಾಗಿಯೇ ಟವೆಲು ಸುತ್ತಿ ಜೊತೆಗೆ ಕರೆದೊಯ್ಯಿರಿ. ತುಂಬಿದ ಬಕೆಟ್ ಬಚ್ಚಲಲ್ಲಿ ಬಿಡಬೇಡಿ. ಒಬ್ಬರೇ ಇರುವ ದಿನ ಸ್ನಾನ ಬಿಟ್ಟರೂ ಏನೂ ಆಗುವುದಿಲ್ಲ.

ಹಂತ 9: ದೊಡ್ಡವರ ದೇಹ, ದೊಡ್ಡವರ ಮನಸ್ಸು

ಸಿಸೇರಿಯನ್ ಆಗಿದ್ದರೆ ಸುಮಾರು ಆರು ವಾರ ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದು ಎನ್ನುತ್ತಾರೆ ವೈದ್ಯರು. ಎರಡು ವರ್ಷದ ಮಗು ಸುಮಾರು 12 ಕಿಲೋ. ನೀವು ಕೂತುಕೊಳ್ಳಿ, ಅದು ಮಣೆ ಹತ್ತಿ ನಿಮ್ಮ ಪಕ್ಕಕ್ಕೆ ಬರಲಿ, ಹೊಟ್ಟೆಯ ಮುಂದೆ ದಿಂಬಿರಲಿ. "ಎತ್ತಿಕೊಳ್ಳಲ್ಲ" ಅನ್ನುವ ಬದಲು "ಇಲ್ಲಿ ಹತ್ತಿ ಬಾ, ತಬ್ಕೋತೀನಿ" ಅನ್ನಿ.

ಹೆರಿಗೆಯಾದ ಎರಡು ಮೂರನೆಯ ದಿನಕ್ಕೆ ಕಾರಣವಿಲ್ಲದೆ ಅಳು, ಸಿಡುಕು ಬರುವುದು ಸಾಮಾನ್ಯ. ಇದನ್ನು ಬೇಬಿ ಬ್ಲೂಸ್ ಅನ್ನುತ್ತಾರೆ, ಎರಡು ವಾರದೊಳಗೆ ಇಳಿಯುತ್ತದೆ. ಎರಡು ವಾರ ಮೀರಿದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಪ್ರಸವಾನಂತರದ ಖಿನ್ನತೆ ಇರಬಹುದು, ಚಿಕಿತ್ಸೆಯಿದೆ, ಅಪ್ಪಂದಿರಿಗೂ ಬರಬಹುದು. ತನಗೋ ಮಕ್ಕಳಿಗೋ ಏನಾದರೂ ಮಾಡಿಬಿಡುವ ಯೋಚನೆ ಸುಳಿದರೆ ಆ ದಿನವೇ ಮನೆಯವರಿಗೆ ಹೇಳಿ ವೈದ್ಯರನ್ನು ಕಾಣಬೇಕು, ಒಂಟಿಯಾಗಿರಬಾರದು.

ಕೂಸಿನ ಅಳು ಸುಮಾರು ಆರನೆಯ ವಾರಕ್ಕೆ ತುತ್ತತುದಿ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ವಾರಗಳಲ್ಲಿ ಸಹನೆ ಹರಿಯುವ ಕ್ಷಣ ಬಂದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ದೊಡ್ಡದನ್ನು ಕರೆದುಕೊಂಡು ಪಕ್ಕದ ಕೋಣೆಗೆ ಹೋಗಿ ಐದು ಹತ್ತು ನಿಮಿಷ ಕೂರಿ. ಕೂಸನ್ನು ಎಂದೂ ಅಲ್ಲಾಡಿಸಬೇಡಿ. ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆ ಹೊತ್ತೇ ಆಸ್ಪತ್ರೆಗೆ ಹೋಗಿ. ದೊಡ್ಡದರ ನೆಗಡಿ ಹತ್ತಿದೆ ಅಷ್ಟೇ ಎಂದು ಮನೆಯಲ್ಲಿ ತೀರ್ಮಾನ ಮಾಡಬೇಡಿ. ಐದನೆಯ ದಿನದ ನಂತರ 24 ಗಂಟೆಯಲ್ಲಿ ಆರಕ್ಕಿಂತ ಕಡಿಮೆ ಸಲ ಒದ್ದೆ ಮಾಡಿದರೆ, ಹಾಲು ಬೇಡವೆಂದರೆ, ಉಸಿರಾಡಲು ಪಕ್ಕೆ ಒಳಗೆಳೆದುಕೊಳ್ಳುತ್ತಿದ್ದರೆ ಆಗಲೂ ಹಾಗೆಯೇ.

ನೋಡಲು ಬರುವವರಿಗೆ ಬಾಗಿಲಲ್ಲೇ ಹೇಳಿ: ಮೊದಲು ದೊಡ್ಡದನ್ನು ಮಾತಾಡಿಸಿ, ಕೂಸನ್ನು ತೋರಿಸುವ ಕೆಲಸ ಅದಕ್ಕೇ ಬಿಡಿ. "ಈಗ ನಿನ್ನ ಯಾರೂ ಮಾತಾಡ್ಸಲ್ಲ ಅಲ್ವಾ?" ಎಂದು ತಮಾಷೆ ಮಾಡುವವರು ಪ್ರತಿ ಮನೆಗೂ ಒಬ್ಬರು ಬರುತ್ತಾರೆ. ಅಲ್ಲೇ ತಡೆಯಿರಿ, ಬೇಸರವಾದರೂ ಸರಿ.

ಹಂತ 10: ಏಳರಿಂದ ಹತ್ತು ತಿಂಗಳು, ಎರಡನೆಯ ಸುತ್ತು

ಎಲ್ಲ ತಣ್ಣಗಾಯಿತು ಅಂದುಕೊಳ್ಳುವಾಗ ಕೂಸು ಅಂಬೆಗಾಲಿಡುತ್ತದೆ. ಈವರೆಗೆ ಇದ್ದಲ್ಲೇ ಇದ್ದದ್ದು ಈಗ ಗೋಪುರ ಬೀಳಿಸುತ್ತದೆ, ಚಿತ್ರ ಹರಿಯುತ್ತದೆ. ಹೊಸದಾಗಿ ಜಗಳ ಶುರುವಾಗುವುದು ಇಲ್ಲಿಂದ, ಮತ್ತು ನ್ಯಾಯ ದೊಡ್ಡದರ ಕಡೆಗಿರುತ್ತದೆ. "ಪಾಪ, ಅದಕ್ಕೆ ಗೊತ್ತಾಗಲ್ಲ, ಕೊಟ್ಬಿಡು" ಎಂದು ಪ್ರತಿ ಸಲ ಕೊಡಿಸಬೇಡಿ. ಕೂಸಿಗೆ ಎಟುಕದ ಎತ್ತರದ ಮೇಜೊಂದನ್ನು ದೊಡ್ಡದಕ್ಕೆಂದೇ ಬಿಟ್ಟುಕೊಡಿ. ಸಣ್ಣ ಸಣ್ಣ ಬಿಡಿಭಾಗದ ಆಟಿಕೆಗಳು ಅಲ್ಲಿಂದ ಇಳಿಯಬಾರದು. ಹಂಚಿಕೊಳ್ಳಬೇಕಾಗಿಲ್ಲದ ನಾಲ್ಕೈದು ಆಟಿಕೆಗಳನ್ನು ಅದೇ ಆರಿಸಿ ಒಂದು ಡಬ್ಬದಲ್ಲಿಡಲಿ. ಉಳಿದದ್ದಕ್ಕೆ ಕಿತ್ತುಕೊಳ್ಳದೆ ಅದಲುಬದಲು ಮಾಡುವುದನ್ನು ಕಲಿಸಿ: ಕೂಸಿನ ಕೈಗೆ ಬೇರೊಂದು ಕೊಟ್ಟು ತನ್ನದನ್ನು ಬಿಡಿಸಿಕೊಳ್ಳುವುದು. ಮೂರು ವರ್ಷದ ಮಗು ಎರಡು ದಿನದಲ್ಲಿ ಕಲಿಯುತ್ತದೆ, ಒಳ್ಳೆಯದನ್ನು ಇಟ್ಟುಕೊಂಡು ಮುರಿದದ್ದನ್ನು ಕೊಡುವುದನ್ನೂ ಸೇರಿಸಿ.